ಸುಳಿ ನೋಡಿ ಆರಿಸಿದ ನಾಯಿ

ಮನೆಯ ಕಾವಲಿಗೆ ಯಾರನ್ನು ನೇಮಿಸುತ್ತಾರೆ ಎಂಬುದರ ಮೇಲಿಂದ ಒಂದು ಮನೆತನದ ವಿವೇಕವನ್ನು ಅಳೆಯಬಹುದು. ನಮ್ಮ ಮನೆಯ ಕಾವಲಿಗೆ ಬಂದ ಉಮೇದುವಾರರಿಬ್ಬರೂ ಬಂದ ದಿನವೇ ಹಿತ್ತಲಲ್ಲಿ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಗೆ ಬಾಯಿ ಹಾಕಿದ್ದರು.

ಐವತ್ತರ ದಶಕದ ಮಾತು. ನಾನು ಅಬ್ಬಿಗೇರಿಯಿಂದ ನರಗುಂದಕ್ಕೆ ಸೊಸೆಯಾಗಿ ಬಂದು ಅದು ಎರಡನೆಯ ಸುಗ್ಗಿ. ಮಾವನವರಿಗೆ ಪೇಟೆಯಲ್ಲಿ ಕಾಳಿನ ವ್ಯಾಪಾರ. ಯಾವಗಲ್ ದಾರಿಯಲ್ಲಿ ಜೋಳದ ಹೊಲ, ಹೊಲದ ಮಗ್ಗುಲಿಗೆ ಕಣ. ಕಣ ಕಾಯುತ್ತಿದ್ದ ಮುದಿ ನಾಯಿ ದೀಪಾವಳಿಯ ಹೊತ್ತಿಗೆ ಸತ್ತಿತ್ತು. ಹೊಸದು ಬೇಕೇ ಬೇಕಿತ್ತು, ಆದರೆ ಒಂದೇ ಬೇಕಿತ್ತು. ಎರಡೆರಡು ನಾಯಿ ಸಾಕುವುದು ಸಂಸ್ಥಾನಿಕರ ಕೆಲಸ ಎಂಬುದು ಮಾವನವರ ಸಿದ್ಧಾಂತ. ಹಾಗೆಂದವರೇ ಸಂಸ್ಥಾನಿಕರ ನಾಯಿಯನ್ನು ತಂದರು.

ಗಜೇಂದ್ರಗಡದ ಬೀಗರೊಬ್ಬರು ಪ್ರೀತಿಯಿಂದ ಕೊಟ್ಟ ಮುಧೋಳದ ನಾಯಿ ಅದು; ಅಲ್ಲಿನ ಸಂಸ್ಥಾನಿಕರು ಬೇಟೆಗೆ ಸಾಕುತ್ತಿದ್ದ ಜಾತಿ. ಕಾಲು ಉದ್ದ, ಮೋರೆ ಉದ್ದ, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅದು ಬೆನ್ನು ಹತ್ತಿದರೆ ಮೊಲ ಉಳಿಯುವುದಿಲ್ಲವಂತೆ. ಇರಬಹುದು. ನಮ್ಮ ಕಣದಲ್ಲಿ ಇದ್ದದ್ದು ಜೋಳದ ರಾಶಿ, ಮತ್ತು ಜೋಳದ ರಾಶಿ ಓಡುವುದಿಲ್ಲ.

ಅದೇ ವಾರ ನನ್ನ ಅಣ್ಣ ತವರಿನಿಂದ ಒಂದು ಕುರಿನಾಯಿಯನ್ನು ಬಂಡಿಯಲ್ಲಿ ಹಾಕಿಕೊಂಡು ಬಂದ. ವರ್ಷವೂ ಗೊಬ್ಬರಕ್ಕೆಂದು ನಮ್ಮಪ್ಪನ ಹೊಲದಲ್ಲಿ ಹಿಂಡು ಕೂರಿಸುತ್ತಿದ್ದ ಕುರುಬರ ನಾಯಿ. ಮೈತುಂಬ ಕೂದಲು, ಕರಡಿಯ ಮೋರೆ. ಕೂತ ಜಾಗ ಬಿಟ್ಟು ಏಳದು, ಆ ಜಾಗದ ಹತ್ತಿರ ಯಾರನ್ನೂ ಬಿಡದು. ಇದನ್ನು ಹೇಳಿ ತರಿಸಿದವಳು ನಾನು. ಯಾರನ್ನೂ ಕೇಳಿರಲಿಲ್ಲ.

ನನಗೆ ನಾಯಿಯ ಹುಚ್ಚೇನೂ ಇರಲಿಲ್ಲ. ಆದರೆ ಯಾವ ನಾಯಿ ಉಳಿದರೂ ದಿನವೂ ಅದಕ್ಕೆ ರೊಟ್ಟಿ ಬಡಿಯುವವಳು ನಾನು; ಸುಗ್ಗಿಯಲ್ಲಿ ಬುತ್ತಿ ಹೊತ್ತು ಒಬ್ಬಳೇ ಕಣಕ್ಕೆ ಹೋಗುವವಳು ನಾನು; ನಾಯಿಯನ್ನು ಆರಿಸುವವರು ಮಾತ್ರ ಅಂಗಡಿಯ ಗಾದಿಯ ಮೇಲೆ ಕೂತವರು. ಇದೊಂದರಲ್ಲಿ ನನ್ನ ಮಾತು ನಡೆಯದಿದ್ದರೆ ಆ ಮನೆಯಲ್ಲಿ ಮುಂದೆ ಯಾವುದರಲ್ಲೂ ನಡೆಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಮಾತು ನಡೆಸುವುದಾದರೂ ಹೇಗೆ? ಆಗ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ನಾನು ಬಾಗಿಲ ಮರೆಯಿಂದ ಅತ್ತೆಗೆ ಹೇಳಬೇಕು, ಅತ್ತೆ ಅದನ್ನು ಮಾವನವರಿಗೆ ಹೇಳಬೇಕು. ಮಾವನವರು ಗೋಡೆ ನೋಡುತ್ತ ಅತ್ತೆಗೆ ಉತ್ತರ ಕೊಡಬೇಕು, ಅದು ನನಗೆ ಬಂದು ಮುಟ್ಟಬೇಕು. ಮೂವರಿಗೂ ಎಲ್ಲವೂ ಮೊದಲೇ ಕೇಳಿಸಿರುತ್ತಿತ್ತು. ಆದರೂ ಟಪಾಲು ತಪ್ಪದೆ ನಡೆಯುತ್ತಿತ್ತು.

ಆರಿಸುವ ಕೆಲಸ ಕಟ್ಟೆಯ ಮೇಲೆ ಶಾಸ್ತ್ರೋಕ್ತವಾಗಿ ನಡೆಯಿತು. ನಮ್ಮ ಕಡೆ ಎತ್ತು ತರುವಾಗ ಸುಳಿ ನೋಡುತ್ತಾರೆ. ಹಣೆಯ, ಬೆನ್ನಿನ, ಎದೆಯ ಕೂದಲು ಯಾವ ಜಾಗದಲ್ಲಿ ಹೇಗೆ ಸುತ್ತಿದೆ ಎಂಬುದರ ಮೇಲೆ ತಂದವರ ಏಳಿಗೆ ನಿಂತಿರುತ್ತದೆ. ನಾಯಿಗೆ ಸುಳಿ ನೋಡಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮಾವನವರು ಕನ್ನಡಕ ಏರಿಸಿ ಕೂತರು. ಮುಧೋಳದ್ದು ನುಣುಪು ಮೈ, ಬರೆದಿಟ್ಟ ಹಾಗೆ ಎಲ್ಲವೂ ಕಾಣುತ್ತಿತ್ತು: ಹಣೆಯ ಮೇಲೆ ರಾಜಯೋಗ, ಬೆನ್ನ ಮೇಲೆ ಧಾನ್ಯವೃದ್ಧಿ. ಕುರಿನಾಯಿಯ ಕೂದಲನ್ನು ಬಾಚಣಿಕೆಯಿಂದ ಎಷ್ಟು ಕಡೆ ಬೈತಲೆ ತೆಗೆದರೂ ಒಂದು ಸುಳಿಯೂ ಸಿಗಲಿಲ್ಲ. ಅಷ್ಟು ಹೊತ್ತು ಸಹಿಸಿಕೊಂಡಿದ್ದ ನಾಯಿ ಬಾಚಣಿಕೆ ಬಾಲದ ಕಡೆ ತಿರುಗಿದಾಗ ಗುರ್ ಎಂದಿತು.

ಸುಳಿ ಮುಚ್ಚಿಟ್ಟುಕೊಂಡ ಪ್ರಾಣಿಯಲ್ಲಿ ಏನೋ ಕಳವು ಇದೆ ಎಂದು ತೀರ್ಪಾಯಿತು.

ಕಣಕ್ಕೆ ಬೇಕಾದದ್ದು ಕೂತು ಕಾಯುವ ನಾಯಿ, ಮೆರವಣಿಗೆಯದಲ್ಲ ಎಂದು ನಾನು ಟಪಾಲು ಹಾಕಿದೆ. ಮಾವನವರು ಗೋಡೆಗೆ ಹೇಳಿದರು: "ಮುಧೋಳದ ನಾಯಿ ಬಾಗಲದಾಗ ನಿಂತ್ರ ಪ್ಯಾಟಿ ಮಂದಿ ನಿಂತು ನೋಡ್ತಾರ. ಹೇಳು ಅಕಿಗೆ."

"ಹಂಗ ನೋಡಾಕ ನಿಂತವ್ರನ್ನ ಓಡ್ಸಾಕ ಇನ್ನೊಂದು ನಾಯಿ ಬೇಕಾಗ್ತದ ಅಂತ ಹೇಳ್ರಿ, ಅತ್ತಿ."

ಅತ್ತೆ ಒಂದು ಅಕ್ಷರ ಬಿಡದೆ ಮುಟ್ಟಿಸಿದರು. ಕುರಿನಾಯಿ ಮುಂದಿನ ಬಂಡಿಗೆ ಅಬ್ಬಿಗೇರಿಗೆ ವಾಪಸು ಎಂದು ಉತ್ತರ ಬಂತು. ಹೋಗಲಿ, ಆದರೆ ಮುಧೋಳದ ನಾಯಿಗೆ ನಾನು ರೊಟ್ಟಿ ಬಡಿಯುವುದಿಲ್ಲ ಎಂದು ಮರುಟಪಾಲು ಹೋಯಿತು. ನನ್ನ ಯಜಮಾನರಿಗೆ ಅಂಗಡಿಯಲ್ಲಿ ಭಾರಿ ಜರೂರು ಕೆಲಸ ನೆನಪಾಗಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ರೊಟ್ಟಿ ಬಡಿಯುವುದೇನು ಮಹಾ ವಿದ್ಯೆ ಎನ್ನುತ್ತ ಮರುದಿನ ಬೆಳಿಗ್ಗೆ ಮಾವನವರೇ ಧೋತರ ಎತ್ತಿಕಟ್ಟಿ ಒಲೆಯ ಮುಂದೆ ಕೂತರು. ನಾನು ಹಿಟ್ಟಿನ ಡಬ್ಬಿ ಮುಂದಿಟ್ಟು ಮರೆಗೆ ಸರಿದೆ; ಬಿಸಿನೀರು ಹಾಕಿ ನಾದಬೇಕು ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಮೊದಲನೆಯದು ಕೈಯಲ್ಲೇ ಹರಿಯಿತು. ಎರಡನೆಯದು ನರಗುಂದದ ಗುಡ್ಡದ ಆಕಾರಕ್ಕೆ ಬಂದು, ಹಂಚಿನ ಮೇಲೆ ಅರ್ಧ ಸುಟ್ಟು ಅರ್ಧ ಹಸಿ ಉಳಿಯಿತು. ಮುಧೋಳದ ನಾಯಿ ಅದನ್ನು ಮೂಸಿ, ದೊಡ್ಡ ಮನೆತನದವರ ಹಾಗೆ ಮುಖ ತಿರುಗಿಸಿ, ಬಿಸಿಲಿಗೆ ಹೋಗಿ ಮಲಗಿತು.

ಬೆರಳು ಸುಟ್ಟುಕೊಂಡ ಮಾವನವರು ಅತ್ತೆಗೆ ಹೇಳಿದರು: "ನೀನ ಬಡಿ."

ಅತ್ತೆ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರವನ್ನು ಕೆಳಗಿಟ್ಟು ಒಳಗೆ ಬಂದರು. ನನ್ನ ಟಪಾಲಿಗಾಗಿ ಕಾಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಎಮ್ಮಿ ತಂದಾಗ ನನ್ನ ಕೇಳಲಿಲ್ಲ. ಎತ್ತು ತಂದಾಗ ಕೇಳಲಿಲ್ಲ. ಸೊಸಿ ತಂದಾಗೂ ಕೇಳಲಿಲ್ಲ. ಅದೊಂದು ಹ್ಯಾಂಗೋ ಚಲೋ ಆತು ಬಿಡ್ರಿ. ಇವೆಲ್ಲಾಕ್ಕೂ ಉಣ್ಣಾಕ ಇಟ್ಟಾಕಿ ನಾನು. ನಾಯಿ ನಾವು ಆರಿಸ್ತೀವಿ. ಬ್ಯಾಡಂದ್ರ ನಾಳಿಂದ ನಿಮ್ಮ ರೊಟ್ಟೀನೂ ನೀವ ಬಡಕೋರಿ."

ಮಾವನವರು ಅಭ್ಯಾಸದಂತೆ ಗೋಡೆಯ ಕಡೆ ತಿರುಗಿದರು. ಅಷ್ಟರಲ್ಲಿ ನಾನು ಬಾಗಿಲ ಮರೆ ಬಿಟ್ಟು ಹೊರಗೆ ಬಂದು ಅತ್ತೆಯ ಮಗ್ಗುಲಿಗೆ ನಿಂತಿದ್ದೆ. ಸೆರಗು ತಲೆಯ ಮೇಲಿತ್ತು, ಆದರೆ ನಿಂತಿದ್ದೆ. ಅದು ಮರ್ಯಾದೆಯಲ್ಲ ಎಂದು ಆಮೇಲೆ ಓಣಿಯಲ್ಲಿ ಬಹಳ ಜನ ಹೇಳಿದರು. ಅವರು ಯಾರೂ ನಮ್ಮ ನಾಯಿಗೆ ರೊಟ್ಟಿ ಹಾಕುವವರಾಗಿರಲಿಲ್ಲ. ಇವತ್ತು ಕೇಳಿದರೂ ನಾನು ಅಲ್ಲೇ ನಿಲ್ಲುತ್ತೇನೆ.

ಮಾವನವರು ಕೈ ತೊಳೆದುಕೊಂಡು, ಬೀಗರಿಗೆ ಏನು ಹೇಳುವುದು ಎಂದಷ್ಟೇ ಕೇಳಿದರು. ಸುಳಿ ಕೂಡಲಿಲ್ಲ ಅಂತ ಹೇಳ್ರಿ ಎಂದರು ಅತ್ತೆ.

ಎರಡು ದಿನ ಬಿಟ್ಟು ಮುಧೋಳದ ನಾಯಿ ರೋಣದ ಮೇಲಿಂದ ಗಜೇಂದ್ರಗಡಕ್ಕೆ ಹೋಗುವ ಬಂಡಿಯಲ್ಲಿ ವಾಪಸು ಹೋಯಿತು. ಕುರಿನಾಯಿ ನಮ್ಮಲ್ಲಿ ಉಳಿಯಿತು.