ಹಳೇ ಕಾರಿಗೆ ಡ್ರೈನ್ ಪ್ಲಗ್ ಕೂರಿಸಿದ ದಿನ

ಕಾರಿನಡಿಯಲ್ಲಿ ಭಗ್ಗನೆ ಬೆಂಕಿ ಹೊತ್ತಿಕೊಂಡಿತು. ನನ್ನ ಹಳೇ ಕಾರಿನ ಹಿಂದಿನ ಆ್ಯಕ್ಸಲ್‌ಗೆ ಎಣ್ಣೆ ಇಳಿಸುವ ಡ್ರೈನ್ ಪ್ಲಗ್ಗೇ ಇರಲಿಲ್ಲ. ಅದನ್ನು ಕೂರಿಸಲೆಂದು ಕೇರಳದ ಕಳಮಶ್ಶೇರಿಯ ಮೆಕ್ಯಾನಿಕ್ ಜೋಸ್ ಚೇಟ್ಟ, ಅಂದರೆ ಜೋಸಣ್ಣ, ಅಡಿಯಲ್ಲಿ ಮಲಗಿ ವೆಲ್ಡಿಂಗ್ ಮಾಡುತ್ತಿದ್ದಾಗ, ಒಳಗುಳಿದ ಎಣ್ಣೆಗೆ ಕಿಡಿ ತಗಲಿತ್ತು. ಗೇಣು ದೂರದಲ್ಲೇ ಪೆಟ್ರೋಲ್ ಟ್ಯಾಂಕು! ನಾನು ನೀರಿನ ಬಕೆಟ್ ಎತ್ತಿದೆ.

"ವೆಳ್ಳಂ ವೇಂಡ ಸಾರೇ! ಮಣ್ಣ್, ಮಣ್ಣ್!" ನೀರು ಬೇಡ, ಮಣ್ಣು ಹಾಕಿ ಎಂದು ಜೋಸ್ ಚೇಟ್ಟ ಅಡಿಯಿಂದಲೇ ಚೀರಿದರು. ಎಣ್ಣೆಯ ಬೆಂಕಿಗೆ ನೀರು ಸುರಿದಿದ್ದರೆ ಅದು ಅವರ ಮೈಮೇಲೇ ಹರಡುತ್ತಿತ್ತು. ಬಕೆಟ್ ಬಿಸುಟು, ಅಂಗಳದ ಮಣ್ಣನ್ನೇ ಬೊಗಸೆ ಬೊಗಸೆಯಾಗಿ ಎರಚಿದೆ. ಬೆಂಕಿ ಆರಿತು. ಹುಬ್ಬು ಸುಟ್ಟುಕೊಂಡು ತೆವಳಿ ಬಂದವರು, ನಡುಗುತ್ತಿದ್ದ ನನ್ನನ್ನೇ ಹಿಡಿದು ಕೂರಿಸಿದರು.

ಅಂದೇ ಪ್ಲಗ್ಗೂ ಕೂತಿತು; ಈಗ ಎಣ್ಣೆ ಬದಲಿಸುವುದು ಸಲೀಸು. ಆದರೆ ಯಾರೇ ಕಾರಿನಡಿ ತೂರಿಕೊಂಡರೂ, ಅವರ ಪಾದ ಅಲುಗುವುದನ್ನೇ ನೋಡುತ್ತ ನಿಲ್ಲುತ್ತೇನೆ.