ಜತೆಗೆ ಬಂದವರ ಚಿಕಿತ್ಸೆ

ನಮ್ಮ ಕಡೆ ಯಾರೂ ಒಬ್ಬರೇ ಡಾಕ್ಟರ ಹತ್ತಿರ ಹೋಗುವುದಿಲ್ಲ. ಹಲ್ಲುನೋವಿಗೂ ಜತೆಗೊಬ್ಬರು ಬೇಕು. ಮನಸ್ಸಿನ ತಾಪತ್ರಯ ಅಂದರಂತೂ ಒಂದು ಕ್ರೂಸರ್ ಜೀಪು ತುಂಬ ಜನ. ನಾನು ಮನಶ್ಶಾಸ್ತ್ರಜ್ಞೆ. ಯಾದಗಿರಿಯಲ್ಲಿ ನನ್ನದೊಂದು ಕೋಣೆ, ಶಹಾಪುರದಲ್ಲಿ ಔಷಧಿ ಅಂಗಡಿಯ ಮೇಲೊಂದು, ಸುರಪುರದಲ್ಲಿ ಬಸ್ ನಿಲ್ದಾಣದ ಹಿಂದೆ ಇನ್ನೊಂದು. ಎಲ್ಲ ಕಡೆಯೂ ಮೊದಲು ಮಾಡಿಸಿದ್ದು ಉದ್ದನೆಯ ಬೆಂಚು. ಬಂದವರನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿ ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಕಲಿಸಿದವರು ಸುರಪುರ ನೋಡಿರಲಿಲ್ಲ. ಇಲ್ಲಿ ಹಾಗೆ ಮಾಡಿದರೆ ಹೊರಗುಳಿದವರು ಬಾಗಿಲಿಗೆ ಕಿವಿ ಹಚ್ಚುತ್ತಾರೆ, ಮನೆಗೆ ಹೋದ ಮೇಲೆ ಅದೇನು ಹೇಳಿದಿ ಎಂದು ಜೀವ ತಿನ್ನುತ್ತಾರೆ. ಅದಕ್ಕೇ ನಾನು ಎಲ್ಲರನ್ನೂ ಒಳಗೆ ಕರೆದು ಬೆಂಚಿನ ಮೇಲೆ ಕೂರಿಸುತ್ತೇನೆ. ಮಾತಾಡಿ ಮಾತಾಡಿ ಅವರು ದಣಿದ ಮೇಲೆ, ಯಾರಿಗಾಗಿ ಬಂದಿದ್ದಾರೋ ಅವರ ಕಡೆ ತಿರುಗಿ, "ಈಗ ನೀವು ಹೇಳ್ರಿ" ಅನ್ನುತ್ತೇನೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಂದು ಬೇಸಗೆಯಲ್ಲಿ ಸುರಪುರದ ಕೋಣೆಗೆ ಬಂದ ಅತ್ತೆ–ಸೊಸೆಯ ಕಥೆ ಇದು. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಅಷ್ಟಿಷ್ಟು ಬದಲಿಸಿದ್ದೇನೆ, ಅತ್ತೆಯ ಕೈಚೀಲವನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಅವರದು ಸುರಪುರದಲ್ಲೇ ಕಿರಾಣಿ ಅಂಗಡಿಯ ಮನೆತನ. ಸೊಸೆಗೆ ಹುಣಸಗಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯ ನೌಕರಿ. ಒಂದು ಮುಂಜಾನೆ ತುಂಬಿದ ಬಸ್ಸಿನಲ್ಲಿ ಆಕೆಗೆ ಎದೆ ಹೊಡೆದುಕೊಂಡು, ಉಸಿರು ಸಿಕ್ಕಿ, ಇನ್ನೇನು ಸತ್ತೇ ಹೋಗುತ್ತೇನೆ ಅನಿಸಿತ್ತು. ಕಲಬುರಗಿಯಲ್ಲಿ ಎಲ್ಲ ಪರೀಕ್ಷೆ ಮಾಡಿಸಿದರು. ಹೃದಯ ಗಟ್ಟಿಯಾಗಿದೆ ಎಂದರು. ಆದರೆ ಅಂದಿನಿಂದ ಬಸ್ ಅಂದರೆ ಸಾಕು, ಆಕೆಯ ಅಂಗೈ ಒದ್ದೆ. ಆಗ ಅತ್ತೆ ಮಾಡಿದ್ದನ್ನು ನಮ್ಮ ಕಡೆಯ ಅತ್ತೆಯರಷ್ಟೇ ಮಾಡಬಲ್ಲರು. ದಿನಾ ಸೊಸೆಯ ಜತೆ ಬಸ್ ಹತ್ತಿದರು. ಕೈಚೀಲದಲ್ಲಿ ತಲೆ ಸುತ್ತಿದರೆ ಮೂಸಿಸಲು ಜಜ್ಜಿದ ಉಳ್ಳಾಗಡ್ಡಿ, ಲಿಂಬೆಹಣ್ಣು, ನೀರಿನ ಬಾಟಲಿ, ವಿಭೂತಿ ಗಟ್ಟಿ. ಹುಣಸಗಿಯಲ್ಲಿ ಇಳಿದು, ಶಾಲೆ ಬಿಡುವ ತನಕ ವರಾಂಡದಲ್ಲಿ ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ಮಕ್ಕಳು ಅವರಿಗೂ ನಮಸ್ಕಾರ ಟೀಚರ್ ಅನ್ನತೊಡಗಿದ್ದವಂತೆ!

ಮುಖ್ಯಗುರುಗಳು ಬಹಳ ದಿನ ತಾಳಿಕೊಂಡರು. ಕೊನೆಗೆ, ಒಬ್ಬರೇ ಬರುವುದಾದರೆ ಬನ್ನಿ, ಇಲ್ಲವಾದರೆ ರಜೆ ಹಾಕಿ ಎಂದರು. ಮನೆಯ ಗಂಡಸರಿಗೆ ಅಷ್ಟೇ ಸಾಕಾಯಿತು. ಮಾವ, ಗಂಡ ಇಬ್ಬರೂ ಸೇರಿ, ಬೇಸಗೆಯ ಸೂಟಿ ಮುಗಿದು ಶಾಲೆ ತೆರೆಯುವುದರೊಳಗೆ ಗುಣವಾಗದಿದ್ದರೆ ರಾಜೀನಾಮೆ ಎಂದು ತೀರ್ಮಾನಿಸಿಬಿಟ್ಟರು.

"ನಮಗೇನ ಕಡಿಮಿ ಆಗ್ಯಾದ್ರಿ? ಆರಾಮ ಮನ್ಯಾಗ ಇರ್ಲಿ," ಎಂದು ನನ್ನ ಬೆಂಚಿನ ಮೇಲೆ ಕೂತೇ ಹೇಳಿದರು ಮಾವ. ಸೊಸೆಯನ್ನು ಏನು ಕೇಳಿದರೂ ಆಕೆ ಅತ್ತೆಯ ಮುಖ ನೋಡುತ್ತಿದ್ದಳು, ಅತ್ತೆ ಉತ್ತರ ಕೊಡುತ್ತಿದ್ದರು. ಎದೆ ಬಡಿತ ಹೇಗಿರುತ್ತದೆ ಎಂಬುದಕ್ಕೂ ಅತ್ತೆಯದೇ ವರ್ಣನೆ. ಎಲ್ಲರ ಮಾತೂ ಮುಗಿದ ಮೇಲೆ ನಾನು ಸೊಸೆಯ ಎದುರಿಗೆ ಕುರ್ಚಿ ಎಳೆದುಕೊಂಡು, ನಿಮಗೇನು ಬೇಕು ಎಂದೆ. ಆಕೆ ಬಹಳ ಹೊತ್ತು ಸೆರಗಿನ ಅಂಚು ತಿರುವಿದಳು.

"ಸಾಲಿ ಬಿಡಾಕ ಮನಸಿಲ್ರಿ," ಎಂದಳು ನೆಲ ನೋಡುತ್ತಾ.

ಅವಳಿಗಿಂತ ಮೊದಲು ಕಣ್ಣೀರು ಬಂದದ್ದು ಅತ್ತೆಗೆ. ಶಾಲೆಯ ಮುಖವನ್ನೇ ಕಾಣದ ಹೆಂಗಸು ಅವರು. ಸೊಸೆ ಹಲಗೆಯ ಮೇಲೆ ಬರೆಯುವುದನ್ನು ಕಿಟಕಿಯಿಂದ ನೋಡುವುದೇ ಅವರ ದಿನದ ಸುಖವಾಗಿತ್ತು. ಅಲ್ಲಿಗೆ ನನಗೆ ದಾರಿ ಹೊಳೆಯಿತು. ಗುಣಪಡಿಸಬೇಕಾದದ್ದು ಅತ್ತೆಯನ್ನು.

ಭಯ ಅನ್ನುವುದು ಕರೆಯದೆ ಬಂದ ನೆಂಟ, ಎಂದೆ ಅವರಿಗೆ. ಕೇಳುವವರಿಲ್ಲದಿದ್ದರೆ ಸ್ವಲ್ಪ ಹೊತ್ತು ಕೂತು ತಾನೇ ಎದ್ದು ಹೋಗುತ್ತದೆ. "ನೀವು ಚೀಲದಾಗಿಂದ ಉಳ್ಳಾಗಡ್ಡಿ ತೆಗೆದಾಗೊಮ್ಮೆ ಅದಕ್ಕ ಚಾ ಕೊಟ್ಟಂಗ ಆಗ್ತದ. ಚಾ ಕುಡದು ಅಲ್ಲೇ ಉಳಕೊಂತದ."

"ಹಂಗಂದ್ರ ನನ್ನಿಂದನ ಆಗ್ಯಾದೇನ್ರಿ ಇದು?" ಎಂದು ಅವರು ಸಿಟ್ಟಿಗೆದ್ದರು.

"ನಿಮ್ಮಿಂದ ಆಗಿಲ್ರಿ. ನಿಮ್ಮಿಂದ ಹೋಗಬೇಕಾಗ್ಯಾದ."

ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುವವರ ಪೈಕಿ ನಾನಲ್ಲ. ಕೈಚೀಲವನ್ನು ಇಸಿದುಕೊಂಡು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸೂಟಿಯಲ್ಲಿ ಖಾಲಿ ಕೈಯಲ್ಲಿ ಇಬ್ಬರೂ ಬಸ್ ಹತ್ತಿದರು, ಮೊದಮೊದಲು ಒಂದೇ ಸೀಟಿನಲ್ಲಿ, ಆಮೇಲೆ ಅತ್ತೆ ಹಿಂದಿನ ಸೀಟಿಗೆ, ಆಮೇಲೆ ಇಬ್ಬರಿಗೂ ಬೇರೆ ಬೇರೆ ಬಸ್. ಸೊಸೆಗೆ ನಾನು ಕಲಿಸಿದ್ದು ಇಷ್ಟೇ: ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಇಳಿಯಬೇಡಿ. ಆಕೆ ಒಮ್ಮೆ ಕೆಂಭಾವಿ ಕ್ರಾಸಿನ ಹತ್ತಿರ ಇಳಿದೇಬಿಟ್ಟಳು, ಅಳುತ್ತಾ ಫೋನ್ ಮಾಡಿದಳು. ಮುಂದಿನ ಬಸ್ ಹತ್ತಿ ಎಂದು ಹೇಳಿ ಫೋನಿಟ್ಟೆ. ಹತ್ತಿದಳು.

ಶಾಲೆ ಶುರುವಾಗುವ ದಿನ ಆಕೆ ಒಬ್ಬಳೇ ಹೋಗಬೇಕು. ನಾನು ಸುರಪುರದ ನಿಲ್ದಾಣಕ್ಕೆ ಹೋದದ್ದು ಅವಳಿಗಾಗಿ ಅಲ್ಲ, ಅತ್ತೆಯನ್ನು ತಡೆಯುವುದಕ್ಕೆ. ಸೊಸೆ ಕಿಟಕಿಯ ಪಕ್ಕ ಕೂತು ನಮ್ಮ ಕಡೆ ನೋಡಲಿಲ್ಲ. ಬಸ್ ಹೊರಟಿತು. ಅತ್ತೆ ಎರಡು ಹೆಜ್ಜೆ ಮುಂದೆ ಓಡಿ, ನಿಂತು, ನನ್ನ ಮುಂಗೈ ಹಿಡಿದುಕೊಂಡರು. ಹಿಡಿತ ಭಾರಿ ಬಿಗಿಯಾಗಿತ್ತು.

"ಮೇಡಂ, ನನಗ ಎದಿ ಹಾರಾಕತ್ತದ್ರಿ. ಕಣ್ಣಿಗಿ ಕತ್ತಲಿ ಬರಾಕತ್ತದ."

"ಹಾರ್ಲಿ ಬಿಡ್ರಿ. ಕೂಡ್ರಿ ಇಲ್ಲೇ."

"ಮುಂದಿನ ಬಸ್ಸಿಗೆ ಹೋಗ್ತೀನ್ರಿ. ದೂರ ನಿಂತು ನೋಡಿ ಬಂದುಬಿಡ್ತೀನಿ."

"ಹೋಗಂಗಿಲ್ರಿ."

ಸೊಸೆ ಇಷ್ಟು ದಿನ ಏನು ಅನುಭವಿಸಿದ್ದಳೋ ಅದನ್ನು ಅತ್ತೆ ಆ ಸಿಮೆಂಟ್ ಕಟ್ಟೆಯ ಮೇಲೆ ಕೂತು ಅನುಭವಿಸಿದರು. ನನಗೆ ಕರುಣೆ ಬಂತು, ಆದರೂ ನೀರು ಸಹ ಕೊಡಲಿಲ್ಲ. ಮುಂದಿನ ಬಸ್ ಬಂತು, ನಿಂತಿತು, ಕಂಡಕ್ಟರ್ ಹುಣಸಗಿ ಹುಣಸಗಿ ಎಂದು ಕೂಗಿದ. ಅವರು ಕಣ್ಣು ಮುಚ್ಚಿ ಕೂತರು. ಬಸ್ ಹೋಯಿತು. ಮೆಲ್ಲಗೆ ಹಿಡಿತ ಸಡಿಲಾಯಿತು.

ಕೊನೆಗೆ ಹುಣಸಗಿಯಿಂದ ಸೊಸೆಯ ಫೋನ್ ಬಂದಾಗ ಅತ್ತೆಗೆ ಗುಂಡಿ ಒತ್ತುವುದಕ್ಕೂ ಆಗಲಿಲ್ಲ, ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಅತ್ತೀ, ಬಂದು ಮುಟ್ಟೀನಿ. ನಡುವ ಎದಿ ಭಾಳ ಬಡಕೊಂಡ್ತು. ಇಳೀಲಿಲ್ಲ." ಹಿಂದೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು.

"ಭೇಷ್ ಆತವ್ವಾ. ಸಂಜಿಗಿ ಕರ್ಯಾಕ ಬರ್ಲೇನು?"

ಆ ಕಡೆ ಆಕೆ ಮಕ್ಕಳಿಗೆ ಸಾಲಾಗಿ ನಿಲ್ಲಲು ಹೇಳಿದ್ದು ಕೇಳಿಸಿತು.

"ಬ್ಯಾಡ ಅತ್ತೀ. ನಾನ ಬರ್ತೀನಿ."

ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡರು. ಕಣ್ಣಲ್ಲಿ ನೀರು ನಿಂತಿತ್ತು. ನೊಂದರೇನೋ ಅಂದುಕೊಂಡು ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

"ನಮ್ಮ ಮನಿಗಿ ಬಂದಾಗಿಂದ ಯಾರಿಗೂ ಬ್ಯಾಡ ಅಂದಾಕಿ ಅಲ್ರಿ ಅಕಿ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತರು. "ನೌಕರಿ ಬಿಡು ಅಂತ ಇನ್ನ ಹೇಳಿ ನೋಡ್ಲಿ ನಮ್ಮ ಗಂಡಸರು. ನನಗ ಬ್ಯಾಡ ಅಂದಾಕಿ, ಅವರಿಗೆ ಅನ್ನಂಗಿಲ್ಲೇನು?"