ವೆವಾ ತಿಂದ ಮೊದಲ ಟಾಕೊ

ಸಿಗಡಿ ಕಂಡರೆ ಹೆನೊವೆವಾಗೆ, ಬೀದಿಯವರ ಬಾಯಲ್ಲಿ ವೆವಾಗೆ, ಹೊಟ್ಟೆ ತೊಳಸುತ್ತಿತ್ತು. ಈ ಗುಟ್ಟು ಎನ್ಸೆನಾಡದ ಬಂದರಿನ ಹಿಂದಿನ ಬೀದಿಯಲ್ಲಿ ಅವಳ ತಂಗಿ ಚಾಯೊಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಬೀದಿಗೆ ಇಪ್ಪತ್ತೆರಡು ವರ್ಷದಿಂದ ರೊಟ್ಟಿಯಲ್ಲಿ ಮಡಿಚಿದ ಸಿಗಡಿ ಟಾಕೊ ಮಾರುತ್ತಿದ್ದವಳು ಅವಳೇ.

ಅವಳು ಒಲೆ ಹೂಡಿ ಟಾಕೊ ಮಾರುವ ಟ್ರಕ್ಕು ತಾಯಿ ಬಿಟ್ಟುಹೋದದ್ದು. ದಿನಾ ಬೆಳಿಗ್ಗೆ ಚಾಯೊ ಐಸ್ ಹಾಕಿದ ಸಿಗಡಿಯ ಬಕೆಟ್ಟು ತಂದಿಟ್ಟರೆ ವೆವಾ ಬಾಯಲ್ಲೇ ಉಸಿರಾಡುತ್ತ ಸಿಪ್ಪೆ ಸುಲಿಯುವಳು. ಬೆನ್ನಿನ ಕಪ್ಪು ಎಳೆ ಕಿತ್ತೆಸೆಯುವಾಗ, ಅದು ನರವಲ್ಲ, ಹೇಲು ಎಂದು ಅವಳ ಮನಸ್ಸು ಒಂದು ದಿನವೂ ತಪ್ಪದೆ ನೆನಪಿಸುತ್ತಿತ್ತು. ಥೂ, ಇದೂ ಒಂದು ಬಾಳೇ. ಸಮುದ್ರದ ಆ ಹಸಿ ವಾಸನೆ ಉಗುರಿನ ಸಂದಿಗೆ, ಕೂದಲಿಗೆ, ದಿಂಬಿಗೆ ಹತ್ತಿಕೊಂಡಿತ್ತು. ಗಂಡನಿಗೆ ಆ ವಾಸನೆ ಇಷ್ಟ, ಹಾಗಾಗಿ ಗಂಡನ ಮೇಲೂ ಅರ್ಧ ಅಸಹ್ಯ. ತಿನ್ನುವವರನ್ನು ನೋಡುವುದಂತೂ ಇನ್ನೂ ಕಷ್ಟ. ನಿಂತಲ್ಲೇ ಬಗ್ಗಿ, ಬಿಳಿ ಸಾಸನ್ನು ಮೊಣಕೈವರೆಗೆ ಸುರಿಸಿಕೊಂಡು, ಬಾಲದ ಸಿಪ್ಪೆಯನ್ನು ಹಲ್ಲಿನಲ್ಲಿ ಕಿತ್ತು ಉಗುಳುವರು. ಅವಳು ಮುಖದ ಮೇಲೆ ನಗು ಅಂಟಿಸಿಕೊಂಡು "ಇನ್ನೊಂದು ಹಾಕ್ಲಾ?" ಎನ್ನುವಳು.

ತಾಯಿ ಮಾಡಿಟ್ಟ ಒಂದು ಕಟ್ಟಳೆಯಿತ್ತು. ಈಸ್ಟರಿನ ಮುಂಚಿನ ವ್ರತದ ದಿನಗಳಲ್ಲಿ, ಊರೆಲ್ಲ ಮಾಂಸ ಬಿಟ್ಟು ಮೀನಿಗೆ ಮುಗಿಬೀಳುವ ಶುಕ್ರವಾರಗಳಂದು, ಮೊದಲ ಟಾಕೊವನ್ನು ಮನೆಯವರೇ ಗಿರಾಕಿಗಳ ಸಾಲಿನೆದುರು ತಿನ್ನಬೇಕು. ಆಮೇಲೇ ವ್ಯಾಪಾರ. ತಾಯಿ ಹೋದ ಮೇಲೆ ಆ ಪಾಲು ಚಾಯೊಳದು. ಹುರಿದುಕೊಟ್ಟರೆ ಚಪ್ಪಲಿಯನ್ನೂ ತಿಂದು ಬೆರಳು ನೆಕ್ಕುವವಳು ಅವಳು.

ಈ ವರ್ಷದ ಮೊದಲ ಶುಕ್ರವಾರ ಚಾಯೊ ಸಿಗಡಿಯನ್ನು ತಾನೇ ಸುಲಿದು ತಂದಳು. ಅಕ್ಕನಿಗೆ ಉಪಕಾರವಂತೆ. ಸಾಲು ನಿಂತ ಮೇಲೆ ಹೊಟ್ಟೆ ಹಿಡಿದುಕೊಂಡಳು.

"ಬೆಳಿಗ್ಗೆಯಿಂದ ಹೊಟ್ಟೆ ನುಲೀತಿದೆ ಕಣೆ. ಇವತ್ತು ನೀನೇ ತಿಂದ್ಬಿಡು."

"ನಾನಾ? ತಲೆ ಕೆಟ್ಟಿದ್ಯಾ ನಿಂಗೆ?"

ಸಾಲಿನ ಮುಂದೆಯೇ ಎಲ್ಲರೂ ಗೌರವಕ್ಕೆ ದೋನ್ ಎನ್ನುವ ಮೆಕ್ಯಾನಿಕ್ ಕಸಿಮಿರೊ ನಿಂತಿದ್ದ, ಬೀದಿಗೆಲ್ಲ ಒಬ್ಬನೇ ಬಾಯಿಬಡುಕ. ಹಿಂದಿನ ವಾರ ಬೇರೆ ಯಾವುದೋ ಗಾಡಿಯಲ್ಲಿ ತಿಂದು ನಾಲ್ವರು ಆಸ್ಪತ್ರೆ ಸೇರಿದ್ದರು.

"ಏನು ವೆವಾ, ನಿನ್ನ ಅಡುಗೆ ಮೇಲೆ ನಿನಗೇ ನಂಬಿಕೆ ಇಲ್ವಾ? ನಿಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ಮೂರು ಮುಗಿಸಿರ್ತಿದ್ಲು."

"ಬಾಯಿ ಮುಚ್ಕೊಳ್ಳಿ ದೋನ್, ನೊಣ ಹೋದೀತು."

ಜನ ನಕ್ಕರು. ಆದರೆ ಹಿಂದಿನಿಂದ ಇಬ್ಬರು ಸಾಲು ಬಿಟ್ಟು ಹೊರಟರು. ತಿನ್ನದಿದ್ದರೆ ತಾಯಿಯ ಟ್ರಕ್ಕಿನ ಹೆಸರು ಸಂಜೆಯೊಳಗೆ ಮಣ್ಣುಪಾಲು. ತಿಂದು ಇವರೆದುರೇ ಕಾರಿಕೊಂಡರೆ ಈಗಲೇ ಮಣ್ಣುಪಾಲು. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

ವೆವಾ ಕಣ್ಣು ಮುಚ್ಚಿ ಕಚ್ಚಿದಳು. ವಾಕರಿಕೆ ಬರುವುದನ್ನೇ ಕಾಯುತ್ತ ಅಗಿದಳು, ನುಂಗಿದಳು.

ಏನೂ ಆಗಲಿಲ್ಲ. ನಿಂಬೆ, ಉಪ್ಪು, ಬೆಣ್ಣೆ, ಅಷ್ಟೇ. ಸಲೀಸಾಗಿ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಕಸಿಮಿರೊ "ನಂಗೆ ನಾಲ್ಕು" ಎಂದು ತಟ್ಟೆ ಚಾಚಿದ. ಗೆದ್ದೆ ಎಂದುಕೊಂಡ ವೆವಾಗೆ ಮರುಗಳಿಗೆಯೇ ಅನುಮಾನ ಬಂತು. ಬಕೆಟ್ಟಿನ ಮೇಲೆ ಬಗ್ಗಿ, ಎಷ್ಟೋ ವರ್ಷದ ಮೇಲೆ ಮೂಗಿನಿಂದ ಉಸಿರೆಳೆದಳು. ಸಮುದ್ರದ ವಾಸನೆಯೇ ಇರಲಿಲ್ಲ.

"ಚಾಯೊ, ಇದನ್ನ ಯಾತರಲ್ಲಿ ತೊಳೆದೆ? ನನ್ನ ಮುಖ ನೋಡಿ ಹೇಳು."

ಚಾಯೊ ಪಿಸುಗುಟ್ಟಿದಳು. "ಮಂಗಳವಾರದ್ದು. ಐಸ್ ಕರಗೋಗಿತ್ತು. ನಿನ್ನೆಯಿಂದ ನಿಂಬೆರಸ, ಅಡುಗೆ ಸೋಡಾದಲ್ಲಿ ನೆನೆಹಾಕಿದ್ದೆ. ನಿಂಬೆ ಎಲ್ಲಾನೂ ಶುದ್ಧ ಮಾಡುತ್ತೆ ಅಂತ ಅಮ್ಮನೇ ಹೇಳ್ತಿರ್ಲಿಲ್ವಾ? ಯಾರಿಗೂ ಗೊತ್ತಾಗಲ್ಲ ಅಕ್ಕ."

"ನಿನಗೆ ಗೊತ್ತಿತ್ತು, ಅದಕ್ಕೇ ನೀನು ತಿನ್ನಲಿಲ್ಲ. ನನಗೆ ತಿನ್ನಿಸ್ದೆ."

ಇಷ್ಟು ವರ್ಷ ಸಿಗಡಿಯ ಮೇಲೆ ಪಟ್ಟ ಹೇಸಿಗೆಯೆಲ್ಲ ಈಗ ಸ್ವಂತ ತಂಗಿಯ ಮೇಲೆ ತಿರುಗಿತು. ವೆವಾ ಒಲೆ ಆರಿಸಿದಳು. "ಇವತ್ತು ಟಾಕೊ ಇಲ್ಲ. ಸಿಗಡಿ ಕೆಟ್ಟಿದೆ, ಎಲ್ಲರೂ ಮನೆಗೆ ಹೋಗಿ," ಎಂದಳು.

"ಈಗ ತಾನೇ ತಿಂದ್ಯಲ್ಲ," ಎಂದ ಕಸಿಮಿರೊ. "ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು ದೋನ್. ಅದೇ ತೊಂದ್ರೆ. ಒಳ್ಳೇ ಸಿಗಡಿ ಹತ್ರ ಬಂದ್ರೆ ನಂಗೆ ವಾಕರಿಕೆ ಬರುತ್ತೆ. ಇಪ್ಪತ್ತೆರಡು ವರ್ಷದಿಂದ ನಿಮಗೆ ಹಾಕಿದ ಒಂದೊಂದು ಟಾಕೊಗೂ ಬಂದಿದೆ. ಇವತ್ತು ಬರ್ಲಿಲ್ಲ."

ಸಾಲು ಚದುರಿತು. ವೆವಾ ಮೂರು ದಿನ ಹಾಸಿಗೆ ಹಿಡಿದಳು. ಎದ್ದವಳು ಐಸನ್ನೂ ಬಕೆಟ್ಟನ್ನೂ ತನ್ನ ಕೈಗೆ ತೆಗೆದುಕೊಂಡಳು. ತಂಗಿಯೊಂದಿಗೆ ಮಾತು ಬಿಟ್ಟಳು.

ಮುಂದಿನ ಶುಕ್ರವಾರ ಯಾರಾದರೂ ಬಂದಾರೆಂಬ ಆಸೆ ಅವಳಿಗಿರಲಿಲ್ಲ. ಜನ ಬಂದರು, ಅವಳು ತಿನ್ನುವುದನ್ನೇ ಕಾದು ನಿಂತರು. ವೆವಾ ಟಾಕೊ ಎತ್ತಿ ಕಚ್ಚಿದಳು. ಕಣ್ಣಲ್ಲಿ ನೀರು ತುಂಬಿತು. ಬಾಯಿಗೆ ಕೈ ಅಡ್ಡ ಹಿಡಿದು ಟ್ರಕ್ಕಿನ ಹಿಂದಕ್ಕೆ ಓಡಿದಳು. ಅವಳು ಓಕರಿಸುವ ಸದ್ದು ಸಾಲಿನ ಕೊನೆಯವರೆಗೂ ಕೇಳಿಸಿತು.

ಕಸಿಮಿರೊ ತಟ್ಟೆ ಚಾಚಿದ. "ತಾಜಾ ಇದೆ. ಬನ್ರಪ್ಪ."